ಅವಳು ಓಡಿಸಿದಾಗ ಮಾತ್ರ

ಸ್ವಾನ್‌ಬರ್ಗ್, ನೆಬ್ರಾಸ್ಕ
8 ಸೆಪ್ಟೆಂಬರ್ 1974

ಪ್ರೀತಿಯ ಅಪ್ಪ,

ನಾನು ಎಷ್ಟು ಸುಖವಾಗಿದ್ದೇನೆ ಅಂದರೆ ನನಗೇ ನಾಚಿಕೆಯಾಗುತ್ತದೆ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ವೆಂಡಲ್ ಇದ್ದಾನೆಯೇ ಎಂದು ನೋಡುತ್ತೇನೆ. ಇರುವುದಿಲ್ಲ, ಅಷ್ಟು ಹೊತ್ತಿಗೆ ದನಗಳ ಹತ್ತಿರ ಹೋಗಿರುತ್ತಾನೆ. ಅವನು ಕುಡಿದಿಟ್ಟ ಕಾಫಿ ಲೋಟ ಇರುತ್ತದೆ. ಅದನ್ನು ನೋಡಿದರೂ ಸಂತೋಷವಾಗುತ್ತದೆ. ಇಲ್ಲಿ ಮರಗಳೇ ಇಲ್ಲ, ಬರೀ ಹುಲ್ಲು ಬೆಳೆದ ಮರಳುದಿಬ್ಬಗಳು, ಗಾಳಿ ಬೀಸಿದರೆ ಇಡೀ ಭೂಮಿ ಮಗ್ಗುಲು ಬದಲಿಸಿ ಮಲಗಿದ ಹಾಗೆ ಕಾಣುತ್ತದೆ.

ಮದುವೆಯ ದಿನ ಕೌಂಟಿ ಕಚೇರಿಯ ಗುಮಾಸ್ತ, "ಹುಡುಗಿ ಕಡೆಯೋರು ಯಾರಾದ್ರೂ ಬಂದಿದೀರಾ?" ಅಂತ ಕೇಳಿದ. "ಬಂದಿದೆ. ಹೊರಗೆ ನಿಂತಿದೆ, ಹಸಿರು ಬಣ್ಣದ್ದು" ಅಂದೆ. ಎಲ್ಲರೂ ನಕ್ಕರು. ನೀನು ಕೊಟ್ಟು ಕಳಿಸಿದ ಪಿಕಪ್ ಗಾಡಿಯ ಕನ್ನಡಿಗೆ ವೆಂಡಲ್ ಒಂದು ರಿಬ್ಬನ್ ಕಟ್ಟಿದ್ದ.

ನನ್ನ ಅತ್ತೆ ಆಲ್ವೀನಾ ಮಾತು ಕಡಿಮೆ, ಕೆಲಸ ಹೆಚ್ಚು. ಮನೆಗೆ ಬಂದ ದಿನವೇ ಈ ಮನೆಯ ಬೀಗದ ಕೈಗಳನ್ನೆಲ್ಲ ಗೊಂಚಲಾಗಿ ನನ್ನ ಕೈಗಿಟ್ಟರು. ಅವರ ಅತ್ತೆ ಅವರಿಗೆ ಕೊಟ್ಟಿದ್ದಂತೆ. "ಇನ್ಮೇಲೆ ನಿಂದು" ಅಂದರು, ಅಷ್ಟೇ. ನಾನು ಅತ್ತುಬಿಟ್ಟೆ. ಸನ್ಯಾಸಿನಿಯರ ಶಾಲೆಯಲ್ಲಿ ಒಂದು ಪೆಟ್ಟಿಗೆಯ ಕೀಲಿಯೂ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ, ನಿನಗೆ ಗೊತ್ತಲ್ಲ.

ಈಗ ಮುಖ್ಯ ವಿಷಯ. ನನಗೆ ಕೆಲಸ ಸಿಕ್ಕಿದೆ. ಸ್ವಾನ್‌ಬರ್ಗ್ ಅಂಚೆ ಕಚೇರಿಯಿಂದ ದಿಬ್ಬಗಳ ಒಳಗಿನ ಮನೆಗಳಿಗೆ ಟಪಾಲು ಹಂಚುವುದು. ಗಾಡಿ ನಮ್ಮದೇ ಇರಬೇಕು, ಅದಕ್ಕೇ ನಿನ್ನ ಪಿಕಪ್ಪು. ಆದರೆ ಅದು ನಡುದಾರಿಯಲ್ಲಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ವಿಚಿತ್ರವೆಂದರೆ ವೆಂಡಲ್ ಓಡಿಸಿದರೆ ಒಮ್ಮೆಯೂ ನಿಲ್ಲುವುದಿಲ್ಲ. "ನಿನ್ ಮಾತು ಕೇಳಿ ಕೇಳಿ ಅದಕ್ಕೆ ನಿದ್ದೆ ಬರುತ್ತೆ ಕಣೆ" ಅನ್ನುತ್ತಾನೆ.

ಇದರಿಂದ ಆಗಲೇ ಒಂದೆರಡು ಸಲ ತಡವಾಗಿ, ನಾನು ತಂದ ಟಪಾಲನ್ನು ಊರಿಂದಾಚೆ ಒಯ್ಯುವ ಸಂಜೆಯ ಲಾರಿ ತಪ್ಪಿತು. ಅಂಚೆ ಕಚೇರಿಯ ಗ್ಲಾಡಿಸ್ ಕರೆದು ಹೇಳಿದರು: "ನಿನ್ನ ನಗು ಚೆನ್ನಾಗಿದೆ ಮಾರ್ಲಿಸ್. ಆದ್ರೆ ಲಾರಿಯೋನು ನಗು ನೋಡ್ಕೊಂಡು ಕಾಯಲ್ಲ. ನವೆಂಬರ್ ಹದಿನೈದರ ತನಕ ನೋಡ್ತೀನಿ. ಆಮೇಲೆ ಒಪ್ಪಂದಕ್ಕೆ ಸಹಿ ಹಾಕೋದು ನೀನಾ ಬೇರೆಯವರಾ ಅಂತ ಹೇಳ್ತೀನಿ."

ಅಪ್ಪ, ನನಗೆ ಈ ಕೆಲಸ ಬೇಕು. ಇಲ್ಲಿ ಎಲ್ಲರಿಗೂ ನಾನು ವೆಂಡಲ್‌ನ ಹೆಂಡತಿ. ಆ ರಸ್ತೆಯಲ್ಲಿ ಮಾತ್ರ ಟಪಾಲಿನವಳು. ನನಗೆ ಎರಡೂ ಬೇಕು. ಫೋನ್ ಮಾಡೋಣವೆಂದರೆ ಇಲ್ಲಿ ಎಂಟು ಮನೆಗೆ ಒಂದೇ ತಂತಿ, ಒಬ್ಬರ ಮಾತು ಎಲ್ಲರಿಗೂ ಕೇಳುತ್ತದೆ. ಟಪಾಲು ಗಾಡಿ ಕೆಟ್ಟಿದೆ ಅನ್ನುವುದು ನಾನು ರಿಸೀವರ್ ಇಡುವಷ್ಟರಲ್ಲಿ ಗ್ಲಾಡಿಸ್‌ಗೆ ತಲುಪಿರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ತುಂಬಾ ತುಂಬಾ ಪ್ರೀತಿಯಿಂದ,
ನಿನ್ನ ಮಾರ್ಲಿಸ್


ಕೋಲಿನ್
16 ಸೆಪ್ಟೆಂಬರ್

ಮಾರ್ಲಿಸ್,

ಪತ್ರ ತಲುಪಿತು. ಪುಟಗಳು ಬಹಳ, ಗಾಡಿಯ ವಿಷಯ ಸ್ವಲ್ಪ. ಉಳಿದದ್ದು ನನಗೆ ಬೇಡ. ಗಾಡಿಯದು ಮಾತ್ರ ಬರೆ.

ಎಂಜಿನ್ ನಿಂತರೆ ಒಂದೋ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಹುಟ್ಟುತ್ತಿಲ್ಲ. ಪೆಟ್ರೋಲ್ ಕಡಿಮೆಯಾದರೆ ಕೆಮ್ಮಿ, ಮುಗ್ಗರಿಸಿ ನಿಲ್ಲುತ್ತದೆ. ಕಿಡಿ ಹೋದರೆ ದೀಪ ಆರಿಸಿದಂತೆ ಒಮ್ಮೆಗೇ. ನಿನ್ನದು ಯಾವುದು ಎಂದು ನೀನು ಬರೆದಿಲ್ಲ.

ಬಾನೆಟ್ ಎತ್ತಿದರೆ ಸೀಸೆಯಷ್ಟು ಎತ್ತರದ ಕಪ್ಪು ಡಬ್ಬಿ ಕಾಣುತ್ತದೆ. ಅದು ಕಾಯಿಲ್, ಕಿಡಿಗೆ ಬೇಕಾದ ಶಕ್ತಿ ಅಲ್ಲಿಂದ ಬರುತ್ತದೆ. ಅದರ ನಡುವಿನ ದಪ್ಪ ತಂತಿಯ ಆಚೆ ತುದಿಯನ್ನು ಕಿತ್ತು, ಒಣ ಬಟ್ಟೆಯಲ್ಲಿ ಹಿಡಿದು, ಎಂಜಿನ್ನಿನ ಕಬ್ಬಿಣಕ್ಕೆ ಸಮೀಪ ತರಬೇಕು. ಒಬ್ಬರು ಒಳಗೆ ಕೂತು ಸ್ಟಾರ್ಟ್ ಮಾಡಬೇಕು. ಕಿಡಿ ನೀಲಿಯಾಗಿ ಚಟ್ಟನೆ ಹಾರಿದರೆ ಸರಿ. ಹಳದಿಯಾಗಿ ಸಣಕಲಾಗಿದ್ದರೆ ಸರಿಯಿಲ್ಲ. ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟುಗಳು ಸುಟ್ಟಿವೆಯೇ ಎಂದೂ ನೋಡಬೇಕು.

ನೀನು ಕೈ ಹಾಕಬೇಡ. ಅಲ್ಲಿ ಇರುವವರಿಗೆ ಹೇಳು.

ನಿನ್ನ ಅಪ್ಪ,
ಎಮಿಲ್


ಸ್ವಾನ್‌ಬರ್ಗ್
29 ಸೆಪ್ಟೆಂಬರ್

ಅಪ್ಪ,

ಗಾಡಿಯದು ಮಾತ್ರ ಬರೆಯುತ್ತಿದ್ದೇನೆ.

ಒಮ್ಮೆಗೇ ನಿಲ್ಲುತ್ತದೆ. ಕೆಮ್ಮುವುದಿಲ್ಲ. ಜಲ್ಲಿ ರಸ್ತೆ ಅಲೆ ಅಲೆಯಾಗಿ ಎದ್ದಿರುವ ಕಡೆ, ಹಲ್ಲು ಕಟಕಟ ಅನ್ನುವ ಕಡೆ ಹೆಚ್ಚು. ಡಾಂಬರಿನ ಮೇಲೆ ಇಲ್ಲ.

ಕಿಡಿ ನೀಲಿ. ನಾನೇ ತಂತಿ ಹಿಡಿದೆ, ಒಣ ಬಟ್ಟೆಯಲ್ಲಿ. ನೀನು ಕೈ ಹಾಕಬೇಡ ಅಂದಿದ್ದೆ, ನಾನು ಹಾಕಿದ್ದೇನೆ.

ಹೊಸ ಪಾಯಿಂಟು, ಹೊಸ ಪ್ಲಗ್ಗು, ಹೊಸ ಕಾಯಿಲ್ ಹಾಕಿದ್ದಾಯಿತು. ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿದ್ದಾಯಿತು. ವೆಂಡಲ್ ಒಂದು ಸುತ್ತು ಓಡಿಸಿಕೊಂಡು ಬಂದು, "ಗಡಿಯಾರದ ಥರಾ ಓಡ್ತಿದೆ" ಅಂದ. ಮರುದಿನ ನಾನು ಹೊರಟೆ. ಮೂರನೇ ದಿಬ್ಬ ದಾಟುವ ಮುಂಚೆ ನಿಂತಿತು. ಮತ್ತೆ ತಡವಾಯಿತು. ಗ್ಲಾಡಿಸ್ ಗಡಿಯಾರ ನೋಡಿದರು.

ಇಷ್ಟು ಗಾಡಿಯದು. ಮುಂದಿನದು ಗಾಡಿಯದು ಅಲ್ಲ, ಬೇಕಾದರೆ ಓದಬೇಡ. ವೆಂಡಲ್ ರಾತ್ರಿ ಊಟಕ್ಕೆ ಕೂತು ಮೆಲ್ಲಗೆ ಹೇಳಿದ: "ಅದನ್ನ ಮಾರಿಬಿಡೋಣ. ನೀನು ಮನೇಲಿರು. ನಡುದಾರೀಲಿ ಹಿಮದಲ್ಲಿ ನಿಂತ್ರೆ ಏನ್ ಮಾಡ್ತೀಯ?" ಅವನು ಹೆದರಿ ಹೇಳಿದ್ದು, ನನಗೆ ಗೊತ್ತು. ಆದರೂ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅತ್ತೆ ನನ್ನ ಕಡೆ ನೋಡಿ, ಆಮೇಲೆ ತಮ್ಮ ತಟ್ಟೆ ನೋಡಿಕೊಂಡರು.

ಮಾರ್ಲಿಸ್


ಕೋಲಿನ್
5 ಅಕ್ಟೋಬರ್

ಮಾರ್ಲಿಸ್,

ಕಂಡದ್ದನ್ನೆಲ್ಲ ಬದಲಾಯಿಸುವುದು ರಿಪೇರಿ ಅಲ್ಲ. ಮೊದಲು ಎಲ್ಲಿ ಕಡಿದುಹೋಗುತ್ತಿದೆ ಎಂದು ತಿಳಿಯಬೇಕು.

ಇನ್ನು ನಿಂತಾಗ ಬಾನೆಟ್ ಎತ್ತಲು ಓಡಬೇಡ. ಕೂತಲ್ಲೇ ಪೆಟ್ರೋಲಿನ ಮುಳ್ಳು ನೋಡು. ಅದು ಸೊನ್ನೆಗೆ ಬಿದ್ದಿದ್ದರೆ ಕಾಯಿಲ್ ತಪ್ಪಿತಸ್ಥ ಅಲ್ಲ. ಕಾಯಿಲ್ಲಿಗೂ ಮುಳ್ಳಿಗೂ ಕರೆಂಟು ಒಂದೇ ದಾರಿಯಲ್ಲಿ, ಕೀ ತಿರುಗಿಸುವ ಸ್ವಿಚ್ಚಿನ ಮೂಲಕ ಬರುತ್ತದೆ. ಎರಡೂ ಒಟ್ಟಿಗೆ ಸತ್ತರೆ ತೊಂದರೆ ಆ ದಾರಿಯಲ್ಲಿದೆ.

ಆಮೇಲೆ ಒಂದು ತಂತಿಯನ್ನು ಬ್ಯಾಟರಿಯಿಂದ ನೇರ ಕಾಯಿಲ್ಲಿಗೆ ಕೊಟ್ಟು ಒಂದು ದಿನ ಓಡಿಸು. ಕರೆಂಟಿಗೆ ಅದು ಅಡ್ಡದಾರಿ. ಹಾಗೆ ಓಡಿಸಿದಾಗ ನಿಲ್ಲದಿದ್ದರೆ ನನಗೆ ತಿಳಿಸು. ಎಂಜಿನ್ ಆರಿಸಲು ತಂತಿಯನ್ನೇ ಕೀಳಬೇಕು, ಕೀ ಕೆಲಸ ಮಾಡದು. ಒಂದೇ ದಿನ. ಹೆಚ್ಚು ಬಿಟ್ಟರೆ ಕಾಯಿಲ್ ಸುಡುತ್ತದೆ.

ಗಾಡಿ ಮಾರುವ ಮಾತು ಬೇಡ. ಅದು ನನ್ನದು.

ನಿನ್ನ ಅಪ್ಪ,
ಎಮಿಲ್

ತಂತಿ ಹಿಡಿಯುವಾಗ ಬಳೆ ಉಂಗುರ ತೆಗೆದಿಡು. ಮದುವೆಯ ಉಂಗುರವೂ ಸೇರಿ.


ಸ್ವಾನ್‌ಬರ್ಗ್
14 ಅಕ್ಟೋಬರ್

ಅಪ್ಪ,

ಮುಳ್ಳು ಬಿತ್ತು. ಎಂಜಿನ್ ನಿಂತ ಗಳಿಗೆಯಲ್ಲೇ ಸತ್ತ ನೊಣದ ಹಾಗೆ ಬಿತ್ತು.

ತಂತಿ ಕೊಟ್ಟು ಓಡಿಸಿದೆ. ಇಡೀ ದಾರಿ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಅಲೆ ಅಲೆ ರಸ್ತೆಯಲ್ಲಿ ಮುಳ್ಳು ಬೀಳುವುದು, ಏಳುವುದು ಮಾಡುತ್ತಲೇ ಇತ್ತು, ಎಂಜಿನ್ ಮಾತ್ರ ಕೇರೇ ಮಾಡಲಿಲ್ಲ. ಹೇಳಿದಂತೆ ಸಂಜೆ ತಂತಿ ತೆಗೆದೆ.

ಮರುದಿನ ವೆಂಡಲ್ ಅದೇ ದಾರಿಯಲ್ಲಿ, ತಂತಿ ಇಲ್ಲದೆ, ಬೇಕೆಂದೇ ಜೋರಾಗಿ ಓಡಿಸಿದ. ಮುಳ್ಳು ಕದಲಲಿಲ್ಲ. ಮೂರನೇ ದಿನ ನಾನು ಹೋದೆ. ನಿಂತಿತು. ವೆಂಡಲ್ ಈಗ ತಮಾಷೆ ಮಾಡುವುದನ್ನೂ ಬಿಟ್ಟಿದ್ದಾನೆ. "ನೀನು ಏನಾದ್ರೂ ಬೇರೆ ಥರಾ ಮಾಡ್ತೀಯಾ?" ಅಂತ ಮೆತ್ತಗೆ ಕೇಳುತ್ತಾನೆ. ತಮಾಷೆಯೇ ವಾಸಿಯಿತ್ತು.

ಗ್ಲಾಡಿಸ್ ಹೇಳಿದ್ದು: "ಇನ್ನೊಂದು ಸಲ ಲಾರಿ ತಪ್ಪಿದ್ರೆ ಹದಿನೈದರ ತನಕ ಕಾಯೋದಕ್ಕಾಗಲ್ಲ ಮಗಳೇ."

ಮಾರ್ಲಿಸ್


ಕೋಲಿನ್
19 ಅಕ್ಟೋಬರ್

ಮಾರ್ಲಿಸ್,

ತೊಂದರೆ ಸ್ವಿಚ್ಚಿನಲ್ಲಿ, ಅಥವಾ ಅದರ ಹಿಂದಿನ ತಂತಿಯಲ್ಲಿ. ಆದರೆ ಒಬ್ಬರು ಓಡಿಸಿದರೆ ನಿಂತು, ಇನ್ನೊಬ್ಬರು ಓಡಿಸಿದರೆ ನಿಲ್ಲದ ಸ್ವಿಚ್ಚನ್ನು ನಾನು ನೋಡಿಲ್ಲ. ಹೊಸದು ಹಾಕಿದರೂ ಕಾರಣ ತಿಳಿಯದಿದ್ದರೆ ಅದೂ ಹೋಗುತ್ತದೆ.

ನಿನ್ನ ಈಗಿನ ಪತ್ರಗಳಲ್ಲಿ ಏನೂ ಇಲ್ಲ. ಒಂದು ದಿನದ ಕೆಲಸವನ್ನು ಪೂರ್ತಿ ಬರೆ. ಮನೆಯಿಂದ ಹೊರಡುವುದರಿಂದ ಹಿಡಿದು. ಏನು ಉಟ್ಟಿರುತ್ತೀ, ಏನು ಹಿಡಿದಿರುತ್ತೀ, ಎಲ್ಲಿ ನಿಲ್ಲುತ್ತೀ, ಯಾರು ಏನು ಅನ್ನುತ್ತಾರೆ. ಯಾವುದು ಗಾಡಿಯದು, ಯಾವುದು ಅಲ್ಲ ಎಂದು ನೀನು ಆರಿಸಬೇಡ. ವೆಂಡಲ್ ಹೇಗೆ ಹೊರಡುತ್ತಾನೆ ಅದನ್ನೂ ಬರೆ.

ನಿನ್ನ ಅಪ್ಪ,
ಎಮಿಲ್


ಸ್ವಾನ್‌ಬರ್ಗ್
24 ಅಕ್ಟೋಬರ್

ಪ್ರೀತಿಯ ಅಪ್ಪ,

ನೀನೇ ಕೇಳಿದ್ದು. ಆಮೇಲೆ ಪುಟ ಜಾಸ್ತಿ ಅನ್ನಬಾರದು.

ಬೆಳಗ್ಗೆ ವೆಂಡಲ್‌ನ ಹಳೆಯ ಕೋಟು ಹಾಕಿಕೊಳ್ಳುತ್ತೇನೆ. ತೋಳು ಉದ್ದ, ನಾಲ್ಕು ಮಡಿಕೆ ಮಡಿಚುತ್ತೇನೆ, ಅದರಲ್ಲಿ ಹುಲ್ಲಿನ ವಾಸನೆ, ಅವನ ವಾಸನೆ. ಜೇಬಿನಲ್ಲಿ ಸೇಬು. ಅತ್ತೆ ಬ್ರೆಡ್ಡಿನ ಮಧ್ಯೆ ತಣ್ಣನೆ ಮಾಂಸ ಇಟ್ಟು ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಸಾಸಿವೆ ಯಾವಾಗಲೂ ಹೆಚ್ಚು. ಅಡುಗೆಮನೆಯ ಮೊಳೆಯಿಂದ ನನ್ನ ಕೀ ಗೊಂಚಲು ತೆಗೆದುಕೊಳ್ಳುತ್ತೇನೆ. ಅದರ ಸದ್ದಿಗೆ ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ. ವೆಂಡಲ್ ಬಾಗಿಲಲ್ಲಿ ನಿಂತು, "ಹುಷಾರು ಟಪಾಲಮ್ಮ" ಅನ್ನುತ್ತಾನೆ. ಆ ಮಾತಿಗಾಗಿ ನಾನು ಒಮ್ಮೊಮ್ಮೆ ಕೈಗವಸು ಮರೆತವಳಂತೆ ವಾಪಸು ಬಂದು ಎರಡನೇ ಸಲ ಹೇಳಿಸಿಕೊಳ್ಳುತ್ತೇನೆ.

ಕಚೇರಿಯಲ್ಲಿ ಟಪಾಲು ತುಂಬಿಕೊಂಡು, ದಿಬ್ಬಗಳ ಕಡೆಗೆ. ನಾನು ಸೀಟಿನ ನಡುವೆ ಕೂತು ಎಡಗೈಯಲ್ಲಿ ಓಡಿಸುತ್ತಾ ಬಲಗೈಯಲ್ಲಿ ಆಚೆ ಕಿಟಕಿಯಿಂದ ರಸ್ತೆಯಂಚಿನ ಪೆಟ್ಟಿಗೆಗೆ ಕಾಗದ ಹಾಕುವುದನ್ನು ಕಲಿತಿದ್ದೇನೆ, ನೀನು ನೋಡಬೇಕು. ಪಾದ್ರಿಯ ವಿಧವೆ ಪೆಟ್ಟಿಗೆಯ ಬಳಿಯೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. "ಇವತ್ತೂ ಬರೀ ಬಿಲ್ಲಾ? ಹಾಗಾದ್ರೆ ನಿನ್ನನ್ನೇ ಓದ್ತೀನಿ, ಕೂತ್ಕೋ" ಅನ್ನುತ್ತಾರೆ. ಕೂರಲು ಆಗುವುದಿಲ್ಲ. ನಾನು ಹಾಡುತ್ತೇನೆ. ರಸ್ತೆ ಅಲೆ ಅಲೆಯಾದ ಕಡೆ ಸ್ವರ ತಾನಾಗಿಯೇ ನಡುಗುತ್ತದೆ, ಕೀ ಗೊಂಚಲು ಡ್ಯಾಶ್‌ಬೋರ್ಡಿಗೆ ಬಡಿದು ತಾಳ ಹಾಕುತ್ತದೆ. ಗಾಡಿಯ ಕೀ ಜೊತೆ ಅದರಲ್ಲಿ ಇಡೀ ಮನೆಯೇ ಇದೆ: ಕಾಳಿನ ಕಣಜ, ಪೆಟ್ರೋಲ್ ಪೀಪಾಯಿ, ನೆಲಮಾಳಿಗೆ, ಜೀನು ಇಡುವ ಕೋಣೆ, ಈಗ ಯಾವ ಬಾಗಿಲಿಗೂ ಸೇರದ ಏಳೆಂಟು ತುಕ್ಕಿನ ಕೀಲಿಗಳು, ಯಾವುದೋ ಕಾಲದ ಹೋರಿಯ ಕೊರಳ ಹಿತ್ತಾಳೆ ಬಿಲ್ಲೆ. ಮಂಡಿಗೆ ತಾಗಿ ನೀಲಿಗಟ್ಟಿದೆ. ಆದರೂ ತೆಗೆಯಲು ಮನಸ್ಸಿಲ್ಲ, ನನ್ನ ಮದುವೆ ಅಲ್ಲಿ ತೂಗುತ್ತಿದೆ ಅನ್ನಿಸುತ್ತದೆ.

ವೆಂಡಲ್ ಹೊರಡುವುದು ಹೇಗೆಂದು ನೀನು ಕೇಳಿದ್ದೆ. ಅವನು ಮಾತಿಲ್ಲದೆ ಹತ್ತುತ್ತಾನೆ, ಮುಂದಿನ ಗಾಜಿನ ಮೇಲಿರುವ ಬಿಸಿಲುತಡೆಯ ಹಿಂದೆ ಸಿಕ್ಕಿಸಿದ ಬಿಡಿ ಕೀ ತೆಗೆದು ಹಾಕುತ್ತಾನೆ, ಹೊರಡುತ್ತಾನೆ. ಹಾಡುವುದಿಲ್ಲ. ಬಹುಶಃ ಅದೇ ವ್ಯತ್ಯಾಸ.

ತುಂಬಾ ಪ್ರೀತಿಯಿಂದ,
ನಿನ್ನ ಮಾರ್ಲಿಸ್


ಕೋಲಿನ್
28 ಅಕ್ಟೋಬರ್

ಮಾರ್ಲಿಸ್,

ಹಾಡು. ಅದರಿಂದ ಏನೂ ಆಗುವುದಿಲ್ಲ.

ಗೊಂಚಲನ್ನು ತೆಗೆ. ರಸ್ತೆ ಕುಲುಕಿದಾಗಲೆಲ್ಲ ಆ ಭಾರ ಕೀಯನ್ನು ಕೆಳಗೆ ಜಗ್ಗುತ್ತದೆ, ಕೀ ಸ್ವಿಚ್ಚಿನ ಒಳಗಿನ ಹಿತ್ತಾಳೆಯನ್ನು ಜಗ್ಗುತ್ತದೆ. ಹಳೆಯ ಸ್ವಿಚ್ಚು, ಮೊದಲೇ ಸವೆದಿದೆ. ಒಂದು ಕೂದಲಿನಷ್ಟು ಬಿಟ್ಟುಕೊಂಡರೂ ಕರೆಂಟು ಹೋಯಿತು. ನಿಂತ ಮೇಲೆ ಕುಲುಕಾಟವಿಲ್ಲ, ಮತ್ತೆ ಕೂಡಿಕೊಳ್ಳುತ್ತದೆ. ವೆಂಡಲ್ ಓಡಿಸುವಾಗ ಬಿಡಿ ಕೀ. ನೀನು ಓಡಿಸುವಾಗ ಒಂದು ಮನೆಯಷ್ಟು ಕಬ್ಬಿಣ. ಅವನು ಹೇಳಿದ್ದೂ ನಿಜ, ನೀನು ಹೇಳಿದ್ದೂ ನಿಜ.

ಕಾಗದ ಕೈಗೆ ಬಂದ ದಿನವೇ ಬಿಡಿ ಕೀಯಲ್ಲಿ ಓಡಿಸಲು ಶುರುಮಾಡು. ಸ್ವಿಚ್ಚು ನಾನು ಹುಡುಕುತ್ತೇನೆ.

ಮಂಡಿಗೆ ಬಿಸಿನೀರಿನ ಬಟ್ಟೆ ಹಾಕು.

ನಿನ್ನ ಅಪ್ಪ,
ಎಮಿಲ್


ಸ್ವಾನ್‌ಬರ್ಗ್
5 ನವೆಂಬರ್

ಪ್ರೀತಿಯ ಅಪ್ಪ,

ನಿನ್ನ ಕಾಗದವನ್ನು ನನ್ನದೇ ಟಪಾಲು ಚೀಲದಲ್ಲಿ ಕಂಡು, ರಸ್ತೆ ಪಕ್ಕ ನಿಲ್ಲಿಸಿ ಓದಿದೆ. ಅಲ್ಲೇ ಗೊಂಚಲು ಕಿತ್ತು ಸೀಟಿನ ಮೇಲೆ ಹಾಕಿ, ಬಿಡಿ ಕೀಯಲ್ಲಿ ಹೊರಟೆ. ಅವತ್ತಿನಿಂದ ಇವತ್ತಿನವರೆಗೆ ಮುಳ್ಳು ಒಮ್ಮೆಯೂ ಬಿದ್ದಿಲ್ಲ. ಸಂಜೆಯ ಲಾರಿಗಿಂತ ಮೊದಲೇ ಬಂದು ಗ್ಲಾಡಿಸ್ ಮುಂದೆ ಸುಮ್ಮನೆ ಓಡಾಡುತ್ತಿದ್ದೇನೆ. "ಏನಮ್ಮ, ಕೆಲಸ ಇಲ್ವಾ?" ಅನ್ನುತ್ತಾರೆ.

ಆದರೆ ಬರೆಯಬೇಕಾಗಿರುವುದು ಬೇರೆ. ಗೊಂಚಲು ಗಾಡಿಯಿಂದ ತೆಗೆದದ್ದನ್ನು ಅತ್ತೆಗೆ ಹೇಗೆ ಹೇಳುವುದೆಂದು ಹೆದರಿದ್ದೆ. ಅವರು ಕೊಟ್ಟದ್ದನ್ನು ಬೇಡವೆಂದ ಹಾಗಾಗುತ್ತದಲ್ಲ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲಿಟ್ಟು, ನೀನು ಬರೆದದ್ದನ್ನು ಇದ್ದಹಾಗೇ ಓದಿದೆ. ಅವರು ತಟ್ಟೆ ಒರೆಸುತ್ತಿದ್ದವರು ನಿಂತರು.

"ಇನ್ನೊಂದ್ಸಲ ಓದು" ಅಂದರು.

ಓದಿದೆ. ಬಟ್ಟೆ ಕೆಳಗಿಟ್ಟು ಕೂತರು.

"ನಮ್ಮೋರು ನನಗೊಂದು ಕಾರು ತಂದಿದ್ರು, ವೆಂಡಲ್ ಚಿಕ್ಕೋನಿದ್ದಾಗ. ನಾನು ಓಡಿಸಿದ್ರೆ ನಿಂತುಬಿಡೋದು. ಅವರು ಓಡಿಸಿದ್ರೆ ಓಡೋದು. ಚರ್ಚಿನ ಮುಂದೆ ಎಲ್ಲರ ಎದುರಿಗೆ ನಿಂತಿತ್ತು ಒಂದ್ಸಲ. 'ನಿನ್ ಕೈಗೆ ಅದು ಬಗ್ಗಲ್ಲ, ಬಿಡು' ಅಂದ್ರು. ಬಿಟ್ಟೆ. ಆಮೇಲೆ ಮುಟ್ಟಲೇ ಇಲ್ಲ."

"ಅದರ ಕೀ ಎಲ್ಲಿ ಹಾಕಿದ್ರಿ ಅತ್ತೆ?"

"ಇದರಲ್ಲೇ. ಮತ್ತೆಲ್ಲಿ ಹಾಕಲಿ?"

ನಾವು ಮೂರೂ ಜನ ಆ ಗೊಂಚಲನ್ನೇ ನೋಡುತ್ತಾ ಕೂತೆವು. ವೆಂಡಲ್‌ನ ಮುಖ ಕೆಂಪಾಗಿತ್ತು. ಅವನಪ್ಪ ತೀರಿಕೊಂಡು ಆರು ವರ್ಷವಾಯಿತು. ಅಮ್ಮನಿಗೆ ಗಾಡಿ ಬರುವುದಿಲ್ಲ ಅನ್ನುವುದು ಈ ಮನೆಯಲ್ಲಿ ಗಾಳಿ ಬೀಸುತ್ತದೆ ಅನ್ನುವಷ್ಟೇ ಸಹಜವಾಗಿತ್ತು. ಅವರನ್ನು ಅಂಗಡಿಗೆ, ಚರ್ಚಿಗೆ, ತಂಗಿಯ ಮನೆಗೆ ಯಾರಾದರೂ ಕರೆದುಕೊಂಡು ಹೋಗಬೇಕು. ತಂಗಿ ಸಾಯುವ ವಾರ ಗಂಡಸರೆಲ್ಲ ಹುಲ್ಲು ಕೊಯ್ಲಿನಲ್ಲಿದ್ದರಂತೆ. ಅತ್ತೆ ಹೇಳಿದ್ದು ಅಷ್ಟೇ.

ಅವರು ಅಳಲಿಲ್ಲ. ಎದ್ದು ಉಳಿದ ತಟ್ಟೆಗಳನ್ನು ಒರೆಸಿದರು, ಆಗಲೇ ಒರೆಸಿಟ್ಟವನ್ನೂ ಮತ್ತೆ ಒರೆಸಿದರು. ಬೆಳಗ್ಗೆ ನಾನು ಹೊರಡುವಾಗ ಅಂಗಳದಲ್ಲಿ ವೆಂಡಲ್ ತನ್ನ ಲಾರಿಯ ಪಕ್ಕದ ಸೀಟಿನಲ್ಲಿ ಕೂತಿದ್ದ. ಅಪ್ಪ, ಪಕ್ಕದ ಸೀಟಿನಲ್ಲಿ. "ಕ್ಲಚ್ಚು ಪೂರ್ತಿ ಒತ್ತಮ್ಮ" ಅನ್ನುತ್ತಿದ್ದ. "ನೀನು ನಡೆಯೋಕ್ ಕಲಿಯೋ ಮುಂಚೇನೇ ಒತ್ತಿದೀನಿ, ಸುಮ್ನಿರು" ಅಂದರು ಅತ್ತೆ.

ಪ್ರೀತಿಯಿಂದ,
ಮಾರ್ಲಿಸ್


ಕೋಲಿನ್
11 ನವೆಂಬರ್

ಮಾರ್ಲಿಸ್,

ನಿನ್ನ ಕಾಗದವನ್ನು ಗ್ಯಾರೇಜಿನಲ್ಲಿ ಓದಿ, ಮನೆಯಲ್ಲಿ ಮತ್ತೊಮ್ಮೆ ಓದಿದೆ. ನನ್ನ ಗ್ಯಾರೇಜಿಗೂ ಹೀಗೆ ಹೆಂಗಸರು ಬರುತ್ತಿದ್ದರು. ನಾನೇ ಒಂದು ಸುತ್ತು ಓಡಿಸಿ, ಏನೂ ಆಗಿಲ್ಲ ಎಂದು ಕಳಿಸಿದ್ದೇನೆ. ಕೀಯನ್ನು ಎಲ್ಲರೂ ಕೌಂಟರಿನ ಮೇಲೆ ಗೊಂಚಲಿನಿಂದ ಬಿಡಿಸಿ ಕೊಡುತ್ತಿದ್ದರು.

ಸ್ವಿಚ್ಚು ಸಿಕ್ಕಿದೆ. ಅಂಚೆಯಲ್ಲಿ ಕಳಿಸುವುದಿಲ್ಲ, ಕೂರಿಸುವಾಗ ತಂತಿಗಳು ಅದಲು ಬದಲಾದರೆ ಕಷ್ಟ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಬುಧವಾರ, ಬಸ್ಸು ಸ್ವಾನ್‌ಬರ್ಗಿಗೆ ಎಷ್ಟು ಗಂಟೆಗೆ ಬರುತ್ತದೆ? ನೀನು ಬರಬೇಡ. ಹಗಲಲ್ಲಿ ನೀನು ಟಪಾಲಿನ ದಾರಿಯಲ್ಲಿರುತ್ತೀ. ನಡೆದು ಬರುತ್ತೇನೆ.

ನಿನ್ನ ಅಪ್ಪ


ಸ್ವಾನ್‌ಬರ್ಗ್
17 ನವೆಂಬರ್

ಪ್ರೀತಿಯ ಅಪ್ಪ,

ಮೊನ್ನೆ ಸಹಿ ಹಾಕಿದೆ. ಗ್ಲಾಡಿಸ್ ಪೆನ್ನು ಕೊಟ್ಟು, "ಹೆಸರು ಪೂರ್ತಿ ಬರಿ" ಅಂದರು. ಮಾರ್ಲಿಸ್ ಹ್ರುಶ್ಕಾ ಟಾಫ್ಟ್ ಎಂದು, ಮೊದಲು ನಿನ್ನ ಮನೆತನದ ಹೆಸರು, ಆಮೇಲೆ ವೆಂಡಲ್‌ನದು ಬರೆದೆ. ಜಾಗ ಸಾಲದೆ ಟಾಫ್ಟ್ ಅಂಚಿನವರೆಗೆ ಹೋಯಿತು. ವೆಂಡಲ್ ಅದನ್ನು ನೋಡಿ, "ನನ್ನನ್ನ ಬಾಗಿಲಾಚೆ ನಿಲ್ಲಿಸಿದೀಯಲ್ಲೇ" ಅಂದ. ಮನೆಗೆ ಬಂದ ಮೇಲೆ ಅವನೇ ಎಂಟು ಮನೆಯ ಫೋನು ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ನೀನು ಬರುತ್ತೀಯೆಂದು ಓದಿ ನಾನು ಏನು ಮಾಡಿದೆನೆಂದು ಬರೆಯುವುದಿಲ್ಲ. ಪುಟ ಸಾಲದು.

ಬಸ್ಸು ಮಧ್ಯಾಹ್ನ ಎರಡಕ್ಕೆ. ನಡೆದು ಬರುವ ದೂರವಲ್ಲ, ಇಲ್ಲಿ ಯಾವುದೂ ನಡೆದು ಹೋಗುವ ದೂರವಲ್ಲ. ನಾನು ಆಗ ದಾರಿಯ ಆ ತುದಿಯಲ್ಲಿರುತ್ತೇನೆ, ವೆಂಡಲ್ ನೆರೆಯವರ ಲಾರಿಯಲ್ಲಿ ದನ ಸಾಗಿಸಲು ಹೋಗಿರುತ್ತಾನೆ. ನಿನ್ನನ್ನು ಕರೆದುಕೊಂಡು ಬರಲು ಅತ್ತೆ ಬರುತ್ತಾರೆ, ಒಬ್ಬರೇ, ವೆಂಡಲ್‌ನ ಲಾರಿಯಲ್ಲಿ. ಯಾರೂ ಕೇಳಲಿಲ್ಲ, ಅವರಾಗಿಯೇ ಹೇಳಿದರು. ಕಂದು ಕೋಟು, ಎತ್ತರದ ಆಳು, ಮೊದಲು ಮಾತಾಡುವುದಿಲ್ಲ.

ನಿಧಾನವಾಗಿ ಓಡಿಸುತ್ತಾರೆ. ಗೇರು ಬದಲಿಸುವಾಗ ಒಮ್ಮೊಮ್ಮೆ ಕಿರ್ ಅನ್ನುತ್ತದೆ. ಏನೂ ಹೇಳಿಕೊಡಬೇಡ. ತಿರುವಿನಲ್ಲಿ ಭಯವಾದರೂ ಬಾಗಿಲಿನ ಹಿಡಿ ಹಿಡಿದುಕೊಳ್ಳಬೇಡ ಅಪ್ಪ, ಅವರು ನಿನ್ನ ಕೈಯನ್ನೇ ನೋಡುತ್ತಿರುತ್ತಾರೆ.

ನಿನ್ನ
ಮಾರ್ಲಿಸ್